ಮೊದಲ ಅಸಲಿ ಚಿತ್ರವನ್ನು ಕೊಳ್ಳುವ ಮುನ್ನ

ಕಲಬುರಗಿ, ಬೀದರ ಮತ್ತು ಯಾದಗಿರಿಯ ಓದುಗರಿಂದ ಬಂದ ಪತ್ರಗಳಲ್ಲಿ ಕಲಾಕೃತಿಗಳ ಖರೀದಿಯ ಕುರಿತು ಕೇಳಿದವುಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲ ಪ್ರಶ್ನೆಯ ಉತ್ತರ ಉಳಿದವುಗಳಿಗಿಂತ ದೀರ್ಘವಾಗಿದೆ, ಏಕೆಂದರೆ ಬೇರೆ ಹಲವರು ಬರೆದ ಅನುಮಾನಗಳಿಗೂ ಅದರಲ್ಲೇ ಉತ್ತರವಿದೆ.

ಪ್ರಶ್ನೆ: ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಹೊಸ ಮನೆಗೆ ಬಂದಾಗ ಪೀಠೋಪಕರಣದ ಅಂಗಡಿಯಿಂದ ಓಡುವ ಏಳು ಕುದುರೆಗಳ ಚಿತ್ರವನ್ನು ತಂದು ಪಡಸಾಲೆಗೆ ಹಾಕಿದೆವು. ಅದೇ ಚಿತ್ರವನ್ನು ಮೂವರು ನೆಂಟರ ಮನೆಗಳಲ್ಲಿ ಕಂಡ ಮೇಲೆ ಅದನ್ನು ನೋಡುವ ಮನಸ್ಸೇ ಹೋಯಿತು. ತಿಂಗಳಿಗೆ 1,000 ರೂಪಾಯಿ ಎತ್ತಿಡಬಲ್ಲೆ. ನಮ್ಮ ಊರಿನ ಈಗಿನ ಕಲಾವಿದರ ಕೈಯ ಚಿತ್ರವನ್ನು ಇಷ್ಟು ಹಣದಲ್ಲಿ ಕೊಳ್ಳಬಹುದೇ? ಎಲ್ಲಿ ಹೋಗಬೇಕು, ಯಾವುದನ್ನು ಆರಿಸಬೇಕು? ಚಿತ್ರಕಲೆಯ ಬಗ್ಗೆ ನನಗೆ ಏನೂ ತಿಳಿಯದು.

ಉತ್ತರ: ಕೊಳ್ಳಬಹುದು. ಐದಾರು ತಿಂಗಳ ಹಣವನ್ನು ಕೂಡಿಸಿದರೆ, ಓದು ಮುಗಿಸಿ ಈಗಷ್ಟೇ ಸ್ವಂತ ಕೆಲಸಕ್ಕೆ ತೊಡಗಿರುವ ಕಲಾವಿದರ ಸಣ್ಣ ಜಲವರ್ಣ ಚಿತ್ರವೊಂದು ಅಥವಾ ಒಂದೆರಡು ರೇಖಾಚಿತ್ರಗಳು ಆ ಮೊತ್ತದೊಳಗೆ ಸಿಗುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಪಡಸಾಲೆಯ ಗೋಡೆಯನ್ನೆಲ್ಲ ತುಂಬುವಂಥ ತೈಲವರ್ಣಕ್ಕೆ ಅದು ಸಾಲದು, ಆದರೆ ಮೊದಲ ಖರೀದಿಗೆ ಅಂಥದ್ದರ ಅಗತ್ಯವೂ ಇಲ್ಲ. ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಬಹುದಾದ ಸಣ್ಣ ಚಿತ್ರದಲ್ಲಿ ಕಲಾವಿದನ ಕೈ ಎಲ್ಲಿ ತಡೆಯಿತು, ಎಲ್ಲಿ ನಿರಾಯಾಸವಾಗಿ ಹರಿಯಿತು ಎಂಬುದು ಕಣ್ಣಿಗೆ ಬೀಳುತ್ತದೆ. ನೋಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಾಣೆ.

ಎಲ್ಲಿ ಹೋಗಬೇಕೆಂಬ ಮಾತಿಗೆ ಬಂದರೆ, ತಾವು ಅದೃಷ್ಟವಂತರು. ಸಿನಿಮಾ ಪೋಸ್ಟರು, ಕ್ಯಾಲೆಂಡರುಗಳ ಚಿತ್ರಗಳನ್ನು ಬರೆದ ಕಲಾವಿದ ಎಸ್.ಎಂ. ಪಂಡಿತರು ಹುಟ್ಟಿದ ಊರಿದು, ವಿ.ಜಿ. ಅಂದಾನಿ, ಜೆ.ಎಸ್. ಖಂಡೇರಾವ್ ಅವರಂಥ ಕಲಾವಿದರು ಇಲ್ಲಿಯೇ ಇದ್ದು ಚಿತ್ರ ಬರೆದು, ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಕಲಿಸಿದ ಊರು. ಎಂ.ಎಂ.ಕೆ. ದೃಶ್ಯಕಲಾ ಮಹಾವಿದ್ಯಾಲಯ ನಗರದಲ್ಲಿಯೇ ಇದೆ, ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಯ ವಿಭಾಗವಿದೆ. ದೃಶ್ಯಕಲಾ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ತಮ್ಮ ವರ್ಷದ ಕೆಲಸವನ್ನು ಗೋಡೆಗೆ ಹಾಕುವ ಪ್ರದರ್ಶನಗಳು ಹೊಸಬರ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಜಾಗ. ಅಲ್ಲಿ ಚಿತ್ರದ ಪಕ್ಕದಲ್ಲಿ ಅದನ್ನು ಬರೆದವರೇ ನಿಂತಿರುತ್ತಾರೆ. ಇದನ್ನು ಏಕೆ ಹೀಗೆ ಬರೆದಿರಿ ಎಂದು ಕೇಳಲು ಸಂಕೋಚಪಡಬೇಡಿ. ಆಳಂದ, ಚಿತ್ತಾಪುರ, ಸೇಡಂ ಕಡೆಯ ಹಳ್ಳಿಗಳಿಂದ ಓದಲು ಬಂದು ನಗರದ ಬಾಡಿಗೆ ಕೋಣೆಯಲ್ಲಿ ಉಳಿದ ಹುಡುಗ ಹುಡುಗಿಯರು ಈಗ ಬರೆಯುತ್ತಿರುವ ವಿಷಯವನ್ನು ಗಮನಿಸಿ: ಬಿಸಿಲಿನಲ್ಲಿ ಸವಾರಿಗಾಗಿ ಕಾದು ನಿಂತ ಆಟೋಗಳು, ಶಹಾಬಾದ ಕಲ್ಲಿನ ಗಣಿಯ ಮೆಟ್ಟಿಲು ಮೆಟ್ಟಿಲಾದ ಗೋಡೆಗಳು, ತೊಗರಿ ಹೊಲವನ್ನು ತಿಂದು ಎದ್ದ ಹೊಸ ಬಡಾವಣೆಗಳು. ಹಿಂದೆ ಇಂಥ ಯುವಕರಿಗೆ ಅಂಗಡಿಗಳ ಬೋರ್ಡು ಬರೆಯುವ ಕೆಲಸವಾದರೂ ಇರುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಆ ದುಡಿಮೆಯೂ ಹೋಯಿತು. ತಾವು ಕೊಡುವ ಐದು ಸಾವಿರ ಅವರಿಗೆ ಮುಂದಿನ ಚಿತ್ರದ ಕಾಗದವಾಗುತ್ತದೆ, ಬಣ್ಣವಾಗುತ್ತದೆ, ಕೋಣೆಯ ಬಾಡಿಗೆಯಾಗುತ್ತದೆ.

ಬೆಂಗಳೂರಿಗೆ ಹೋಗುವ ಅವಕಾಶವಿದ್ದರೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯನ್ನೂ ನೋಡಿ ಬನ್ನಿ. ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುತ್ತಿರುವ ಈ ಸಂತೆಯಲ್ಲಿ ನೂರಾರು ರೂಪಾಯಿಯ ಚಿತ್ರದಿಂದ ಲಕ್ಷಗಳ ಚಿತ್ರದವರೆಗೆ ರಸ್ತೆಯ ಬದಿಯಲ್ಲಿಯೇ ಇಡುತ್ತಾರೆ. ಆದರೆ ಅಲ್ಲಿಯ ಜನಜಂಗುಳಿಯಲ್ಲಿ ಮೊದಲ ಚಿತ್ರವನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಕಣ್ಣು ದಣಿದಿರುತ್ತದೆ, ದಣಿದ ಕಣ್ಣು ಬಣ್ಣ ಹೆಚ್ಚಿರುವುದನ್ನೇ ಆರಿಸುತ್ತದೆ.

ಆರಿಸುವ ವಿಷಯದಲ್ಲಿ ನಾನು ಪಾಲಿಸುವ ಕ್ರಮ ಒಂದೇ: ಮನಸ್ಸಿಗೆ ಹಿಡಿಸಿದ ಚಿತ್ರವನ್ನು ಅಂದೇ ಕೊಳ್ಳದೆ ಮನೆಗೆ ಬಂದು, ಎರಡು ದಿನ ಬಿಟ್ಟು ಮತ್ತೆ ಹೋಗಿ ನೋಡುವುದು. ಮೊದಲ ಸಲ ಕಾಣದ ಒಂದು ಸಂಗತಿ ಎರಡನೆಯ ಸಲ ಕಂಡರೆ ಆ ಚಿತ್ರ ವರ್ಷಗಟ್ಟಲೆ ಗೋಡೆಯ ಮೇಲೆ ಇರಲು ಯೋಗ್ಯವಾದದ್ದು. ಸೋಫಾದ ಬಣ್ಣಕ್ಕೆ ಹೊಂದುತ್ತದೆಯೇ ಎಂದು ನೋಡಬೇಡಿ. ಸೋಫಾ ಹತ್ತು ವರ್ಷಕ್ಕೆ ಹೋಗುತ್ತದೆ. ಅದೇ ಕಲಾವಿದರ ಇನ್ನೂ ನಾಲ್ಕಾರು ಚಿತ್ರಗಳನ್ನು ತೋರಿಸಲು ಕೇಳಿಕೊಳ್ಳಿ. ಒಂದು ಚಿತ್ರ ಆಕಸ್ಮಿಕವಾಗಿ ಚೆನ್ನಾಗಿ ಬಂದಿರಬಹುದು, ಐದು ಚಿತ್ರಗಳಲ್ಲಿ ಆ ವ್ಯಕ್ತಿಯ ನೋಟವೇ ತಿಳಿಯುತ್ತದೆ.

ಬೆಲೆಯ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೆಚ್ಚಿನ ಯುವ ಕಲಾವಿದರು ಚಿತ್ರದ ಅಳತೆ, ಮಾಧ್ಯಮ ಮತ್ತು ಚೌಕಟ್ಟಿನ ಖರ್ಚನ್ನು ಲೆಕ್ಕ ಹಾಕಿ ಬೆಲೆ ಹೇಳುತ್ತಾರೆ. ಅದರಲ್ಲಿ ಅವರ ದಿನಗಳ ಕೂಲಿ ಎಷ್ಟು ಸೇರಿರುತ್ತದೆ ಎಂದು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಕಾಯಿಪಲ್ಲೆಯ ಮಾರುಕಟ್ಟೆಯಲ್ಲಿ ಮಾಡುವ ಹಾಗೆ ಅರ್ಧಕ್ಕೆ ಕೇಳುವುದು ಇಲ್ಲಿ ಸಲ್ಲದು. ಹಣ ಕಡಿಮೆಯಿದ್ದರೆ ಹಾಗೆಂದೇ ಹೇಳಿ. ಚೌಕಟ್ಟಿಲ್ಲದೆ ಕೊಡುವಿರಾ, ಎರಡು ಮೂರು ಕಂತುಗಳಲ್ಲಿ ಕೊಡಬಹುದೇ, ಇದೇ ಸ್ಥಳದಲ್ಲಿ ಬರೆದ ಇನ್ನೂ ಸಣ್ಣ ರೇಖಾಚಿತ್ರ ಇದೆಯೇ ಎಂದು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಎಷ್ಟೋ ಸಲ ಕಲಾವಿದರು ಕಟ್ಟು ಬಿಚ್ಚಿ ಮಾರಾಟಕ್ಕೆಂದು ಇಡದ ರೇಖಾಚಿತ್ರಗಳನ್ನು ತೋರಿಸುತ್ತಾರೆ, ನನ್ನ ಕೋಣೆಯಲ್ಲಿರುವ ಅತ್ಯಂತ ಪ್ರಿಯವಾದ ಚಿತ್ರ ನನಗೆ ದೊರೆತದ್ದು ಹಾಗೆಯೇ.

ಹಣ ಕೊಟ್ಟ ಮೇಲೆ ಕಲಾವಿದರ ಹೆಸರು, ಚಿತ್ರದ ಹೆಸರು, ವರ್ಷ, ಮಾಧ್ಯಮ, ಅಳತೆ ಮತ್ತು ಬೆಲೆಯನ್ನು ಬರೆದು ಸಹಿ ಮಾಡಿದ ಒಂದು ಚೀಟಿಯನ್ನು ಪಡೆದುಕೊಳ್ಳಿ. ಪ್ರದರ್ಶನದ ಆಮಂತ್ರಣ ಪತ್ರಿಕೆ ಇದ್ದರೆ ಅದನ್ನೂ ಜೊತೆಗೆ ಇಡಿ. ಈ ಕಾಗದಗಳು ಮುಂದೆ ತಮ್ಮ ಮಕ್ಕಳಿಗೆ ಬೇಕಾಗುತ್ತವೆ.

ಪ್ರಶ್ನೆ: ಬೀದರಿನಲ್ಲಿ ಬ್ಯಾಂಕ್ ನೌಕರ ನಾನು. ಯುವ ಕಲಾವಿದರೊಬ್ಬರಿಂದ ಕೋಟೆಯ ಬಾಗಿಲಿನ ಕಪ್ಪು ಬಿಳುಪಿನ ಚಿತ್ರವೊಂದನ್ನು ಕೊಂಡೆ. ಅದರ ಕೆಳಗೆ ಪೆನ್ಸಿಲಿನಿಂದ 7/30 ಎಂದು ಬರೆದಿದೆ. ಇಂಥವು ಮೂವತ್ತು ಇದ್ದರೆ ಇದು ಝೆರಾಕ್ಸ್ ಇದ್ದ ಹಾಗೆ ಎಂದು ಗೆಳೆಯರು ಹೇಳುತ್ತಿದ್ದಾರೆ. ನಾನು ಮೋಸ ಹೋದೆನೇ?

ಉತ್ತರ: ಇಲ್ಲವೆಂದೇ ತೋರುತ್ತದೆ. ತಮ್ಮ ಬಳಿ ಇರುವುದು ಮುದ್ರಣಕಲೆಯ ಅಸಲಿ ಕೃತಿಯೇ ಇರಬೇಕು. ಕಲಾವಿದರು ಮರದ ಹಲಗೆ, ಲಿನೋಲಿಯಂ (ನೆಲಕ್ಕೆ ಹಾಸುವ ಮೆತ್ತನೆಯ ಹಾಳೆ) ಅಥವಾ ಲೋಹದ ತಗಡಿನ ಮೇಲೆ ಚಿತ್ರವನ್ನು ತಾವೇ ಕೊರೆದು, ಶಾಯಿ ಹಚ್ಚಿ, ಒಂದೊಂದೇ ಕಾಗದದ ಮೇಲೆ ಒತ್ತಿ ತೆಗೆಯುತ್ತಾರೆ. ಒಟ್ಟು ಮೂವತ್ತು ಪ್ರತಿಗಳಷ್ಟೇ ಎಂದು ಅವರು ನಿಶ್ಚಯಿಸಿದ್ದಾರೆ, ಅದರಲ್ಲಿ ಏಳನೆಯದು ತಮ್ಮದು ಎಂಬುದು ಆ ಅಂಕಿಗಳ ಅರ್ಥ. ಅಚ್ಚಿನ ಹಲಗೆಯೇ ಮೂಲವಾಗಿರುವುದರಿಂದ ಮೂವತ್ತೂ ಮೂಲಕೃತಿಗಳೇ. ಬೇರೆಡೆ ಒಂದು ಕ್ಯಾನ್ವಾಸ್ ಇದ್ದು ಅದರ ಫೋಟೋ ತೆಗೆದು ಮಾಡಿದ ನಕಲುಗಳಲ್ಲ ಇವು. ಖರ್ಚು ಹಂಚಿಹೋಗುವುದರಿಂದ ಬೆಲೆಯೂ ಕಡಿಮೆಯಿರುತ್ತದೆ, ಹಾಗಾಗಿ ಸಂಬಳದ ಮೇಲೆ ಬದುಕುವ ಸಂಗ್ರಾಹಕರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಗೆಳೆಯರ ಅನುಮಾನಕ್ಕೆ ಬೇರೆ ಕಡೆ ಕಾರಣವಿದೆ. ಕಂಪ್ಯೂಟರಿನಿಂದ ಕ್ಯಾನ್ವಾಸ್ ಮೇಲೆ ಮುದ್ರಿಸಿ, ಮೇಲೆ ಬಣ್ಣವಿಲ್ಲದ ಅಂಟನ್ನು ಕುಂಚದಿಂದ ಸವರಿ ಕೈಯಲ್ಲಿ ಬರೆದಂತೆ ತೋರಿಸುವ ಚಿತ್ರಗಳು ಮಾರಾಟಕ್ಕೆ ಬರುತ್ತಿವೆ. ಭೂತಕನ್ನಡಿ ಹಿಡಿದು ನೋಡಿ: ಯಂತ್ರದ ಮುದ್ರಣದಲ್ಲಿ ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ, ಕುಂಚದ ಗುರುತುಗಳು ಕೆಳಗಿನ ಬಣ್ಣದ ಗೆರೆಗಳಿಗೆ ಹೊಂದುವುದಿಲ್ಲ. ಮರದಚ್ಚಿನಲ್ಲಿ ಶಾಯಿ ಇಡಿಯಾಗಿ ಕೂತಿರುತ್ತದೆ, ಮರದ ಎಳೆಯೂ ಮೂಡಿರಬಹುದು. ಲೋಹದ ತಗಡಿನಿಂದ ಒತ್ತಿದ್ದರೆ ಚಿತ್ರದ ಸುತ್ತ ಕಾಗದ ತಗ್ಗಿರುವುದು ಬೆರಳಿಗೆ ತಿಳಿಯುತ್ತದೆ. ಇನ್ನು ಒಂದನೆಯ ಪ್ರತಿಗಿಂತ ಏಳನೆಯದು ಕೀಳೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ: ಯಾದಗಿರಿಯ ನಮ್ಮ ಮನೆಯಲ್ಲಿ ಬೇಸಿಗೆಯ ಝಳ, ಧೂಳು, ಮಳೆಗಾಲದಲ್ಲಿ ಗೋಡೆಯ ತೇವ ಎಲ್ಲವೂ ಇವೆ. ಮೂರು ವರ್ಷದ ಹಿಂದೆ ಕೊಂಡ ಜಲವರ್ಣ ಚಿತ್ರದ ಮೇಲೆ ಕಂದು ಚುಕ್ಕೆಗಳು ಎದ್ದಿವೆ. ಏನು ಮಾಡಲಿ?

ಉತ್ತರ: ಆ ಚುಕ್ಕೆಗಳು ಹೆಚ್ಚಾಗಿ ತೇವದಿಂದ ಬಂದ ಬೂಷ್ಟಿನವು. ನೀವಾಗಿ ಒರೆಸಲು ಹೋಗಬೇಡಿ, ನೀರು ತಗುಲಿದರೆ ಬಣ್ಣವೇ ಕದಡುತ್ತದೆ. ಮೊದಲು ಚೌಕಟ್ಟಿನಿಂದ ಬಿಡಿಸಿ ನೆರಳಿನಲ್ಲಿ ಗಾಳಿಗೆ ಆರಲು ಬಿಟ್ಟು, ನಂತರ ಬರೆದ ಕಲಾವಿದರಿಗೇ ತೋರಿಸಿ.

ನಮ್ಮ ಭಾಗದಲ್ಲಿ ಯಾರೂ ಗಮನಿಸದ ಕಾರಣವೊಂದಿದೆ: ಕೂಲರ್. ಉಷ್ಣಾಂಶ 40 ಡಿಗ್ರಿ ದಾಟಿದ ಮೇಲೆ ನೀರು ತುಂಬಿದ ಕೂಲರನ್ನು ಹಗಲಿರುಳು ಹಾಕುತ್ತೇವೆ. ಅದರ ಒದ್ದೆ ಗಾಳಿ ನೇರವಾಗಿ ಎದುರಿನ ಗೋಡೆಯ ಚಿತ್ರಕ್ಕೆ ಬಡಿಯುತ್ತದೆ. ಕಾಗದ ಕೂಲರ್ ನಡೆಯುವಾಗ ತೇವ ಕುಡಿದು, ನಿಲ್ಲಿಸಿದಾಗ ಒಣಗಿ, ಕೆಲವೇ ಬೇಸಿಗೆಗಳಲ್ಲಿ ಸೊಟ್ಟಗಾಗುತ್ತದೆ. ಚಿತ್ರವನ್ನು ಕೂಲರಿನ ಎದುರಿನಿಂದ, ಬಿಸಿಲು ಬೀಳುವ ಕಿಟಕಿಯ ಎದುರಿನಿಂದ, ದೇವರ ದೀಪದ ಹೊಗೆ ತಾಗುವ ಕಡೆಯಿಂದ ತೆಗೆದು ಒಳಗೋಡೆಗೆ ಹಾಕಿ. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಎರಡು ಬೆಂಡಿನ ಚೂರುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಫ್ರೇಮಿನ ಅಂಗಡಿಯವರಿಗೆ ಎರಡು ಮಾತು ಒತ್ತಿ ಹೇಳಿ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಆಮ್ಲರಹಿತ (ಕಾಗದವನ್ನು ಹಳದಿಗಟ್ಟಿಸದ) ರಟ್ಟಿನ ಮೌಂಟ್, ಅಂದರೆ ಚಿತ್ರದ ಸುತ್ತ ಕೂರುವ ಅಂಚುಪಟ್ಟಿ ಇರಬೇಕು. ಚಿತ್ರವನ್ನು ಸೆಲೋಟೇಪಿನಿಂದಲೋ ಫೆವಿಕಾಲಿನಿಂದಲೋ ರಟ್ಟಿಗೆ ಅಂಟಿಸಬಾರದು. ಮೇಲಂಚಿನಲ್ಲಿ ತೆಳು ಕಾಗದದ ಎರಡು ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಡಬೇಕು. ಇದಕ್ಕೆ ಆಗುವ ಹೆಚ್ಚಿನ ಖರ್ಚನ್ನು ಉಳಿಸಲು ಹೋಗಿ ಒಳ್ಳೆಯ ಚಿತ್ರಗಳನ್ನು ಕೆಡಿಸಿಕೊಂಡವರನ್ನು ಬಹಳ ಕಂಡಿದ್ದೇನೆ. ತೈಲವರ್ಣಕ್ಕೆ ಗಾಜು ಬೇಡ. ಒಣ ಮೃದು ಕುಂಚದಿಂದ ಧೂಳು ತೆಗೆದರೆ ಸಾಕು.

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ದಾಲ್‌ಮಿಲ್. ಸ್ಥಳೀಯ ಕಲಾವಿದರಿಂದ ಕೊಂಡ ತೊಗರಿ ರಾಶಿಯ ಚಿತ್ರವನ್ನು ನಮ್ಮ ಚೀಲಗಳ ಮೇಲೆ ಮುದ್ರಿಸಬೇಕೆಂದಿದ್ದೇವೆ. ಹಣ ಕೊಟ್ಟು ಕೊಂಡದ್ದರಿಂದ ಅದು ನಮ್ಮದೇ ಅಲ್ಲವೇ?

ಉತ್ತರ: ಕ್ಯಾನ್ವಾಸ್ ತಮ್ಮದು, ಅದರ ಪ್ರತಿಗಳನ್ನು ಮಾಡುವ ಹಕ್ಕು ತಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬರೆದು ಮುಗಿಸಿದ ಚಿತ್ರವನ್ನು ಮಾರಿದ ಮಾತ್ರಕ್ಕೆ ಕೃತಿಸ್ವಾಮ್ಯ ಕೊಂಡವರಿಗೆ ಹೋಗುವುದಿಲ್ಲ. ಅದು ಕಲಾವಿದರ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಉಳಿಯುತ್ತದೆ, ವರ್ಗಾಯಿಸಬೇಕಾದರೆ ಲಿಖಿತ ಒಪ್ಪಂದ ಬೇಕು. ತಾವೇ ಮುಂಚೆ ಕೇಳಿಕೊಂಡು ಹಣ ಕೊಟ್ಟು ಬರೆಸಿದ ಚಿತ್ರವಾದರೆ ಲೆಕ್ಕ ಬೇರೆ: ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಕೃತಿಸ್ವಾಮ್ಯ ಬರೆಸಿದವರದೇ. ಆಗಲೂ ಚಿತ್ರವನ್ನು ವಿರೂಪಗೊಳಿಸಿ ಬಳಸಿ ಕಲಾವಿದರ ಗೌರವಕ್ಕೆ ಧಕ್ಕೆ ತರುವಂತಿಲ್ಲ.

ಆದ್ದರಿಂದ ಕಲಾವಿದರನ್ನು ಕಂಡು, ಎಷ್ಟು ವರ್ಷ, ಎಷ್ಟು ಚೀಲಗಳು ಎಂದು ನಿಗದಿಪಡಿಸಿ, ಪ್ರತ್ಯೇಕ ಸಂಭಾವನೆ ಕೊಟ್ಟು, ಅವರ ಹೆಸರನ್ನೂ ಚೀಲದ ಮೇಲೆ ಮುದ್ರಿಸಿ. ಇದೇ ಕಾಯ್ದೆಯಲ್ಲಿ ಇನ್ನೊಂದು ಅಂಶವಿದೆ: ಮೂಲ ಚಿತ್ರವೊಂದು ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಪಾಲು ಕೇಳುವ ಹಕ್ಕು ಕಲಾವಿದರಿಗೆ ಇದೆ, ಆ ಪಾಲು ಶೇಕಡಾ 10ನ್ನು ಮೀರುವಂತಿಲ್ಲ. ಖರೀದಿಯ ಚೀಟಿಯನ್ನು ಜೋಪಾನವಾಗಿಡಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಎಸ್.ಎಂ. ಪಂಡಿತರ ಸಹಿಯಿರುವ ದೇವಿಯ ಚಿತ್ರ ಸಿಕ್ಕಿದೆ. ಇದು ಅಸಲಿಯೇ?

ಉತ್ತರ: ಕಾಗದದ ಕೆಳಗೆ ಅಂಗಡಿಯ ಹೆಸರೋ ತಾರೀಖಿನ ಹಾಳೆ ಹಚ್ಚಿದ ಗುರುತೋ ಇದ್ದರೆ ಅದು ಕ್ಯಾಲೆಂಡರ್. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಪಂಡಿತರು ಮುಂಬೈಯಲ್ಲಿ ಚಲನಚಿತ್ರಗಳ ಪೋಸ್ಟರುಗಳನ್ನೂ ಕ್ಯಾಲೆಂಡರುಗಳಿಗೆ ಪುರಾಣದ ಚಿತ್ರಗಳನ್ನೂ ಬರೆದವರು, ಅವು ಅಚ್ಚಾಗಿ ದೇಶದ ಮನೆಮನೆಗೆ ಹೋದವು. ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ಭೂತಕನ್ನಡಿಯಲ್ಲಿ ಅದರಲ್ಲೂ ಚುಕ್ಕೆಗಳು ಕಂಡರೆ ಅದು ಅಚ್ಚಾದ ಪ್ರತಿಯೇ, ಅನುಮಾನ ಬೇಡ. ಮೂಲಚಿತ್ರವಲ್ಲವೆಂದು ಅದನ್ನು ಬಿಸಾಡಬೇಡಿ, ಅಂಚು ಹರಿದಿದ್ದರೂ ಕತ್ತರಿಸಬೇಡಿ. ಮಡಿಕೆಗಳನ್ನು ಬಿಡಿಸಿ, ಆಮ್ಲರಹಿತ ಕಾಗದಗಳ ನಡುವೆ ಚಪ್ಪಟೆಯಾಗಿ ಇಟ್ಟು, ಅಜ್ಜ ಅದನ್ನು ಯಾವ ಅಂಗಡಿಯಿಂದ, ಯಾವ ವರ್ಷ ತಂದರೆಂದು ಮನೆಯ ಹಿರಿಯರನ್ನು ಕೇಳಿ ಇನ್ನೊಂದು ಹಾಳೆಯಲ್ಲಿ ಬರೆದು ಜೊತೆಗಿಡಿ.