ಸೇಬಿನ ಹುಳಿ ಯಾವುದಕ್ಕೆ ಒಗ್ಗುತ್ತೆ?

ಈ ಸಲ ಬಂದ ಪತ್ರಗಳಲ್ಲಿ ಆಪಲ್ ಸೈಡರ್ ವಿನೆಗರ್ ಬಗ್ಗೆ ಕೇಳಿದವರೇ ಜಾಸ್ತಿ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನಷ್ಟೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ತೂಕ ಇಳಿಯುತ್ತೆ ಅಂತ ಮಗಳು ಸೈಡರ್ ವಿನೆಗರ್ ತಂದಿಟ್ಟಳು. ನಾಲ್ಕು ದಿನ ಕುಡಿದೆ, ಗಂಟಲು ಉರಿಯಿತು, ಬಿಟ್ಟೆ. ಮುಕ್ಕಾಲು ಬಾಟಲಿ ಹಾಗೇ ಇದೆ. ಅಡುಗೆಗೆ ಬಳಸಬಹುದಾ? ಯಾವುದರ ಜೊತೆ ಹೊಂದುತ್ತೆ?
— ಓದುಗರು, ತುಮಕೂರು

ಉತ್ತರ: ಧಾರಾಳವಾಗಿ ಬಳಸಿ. ಸೇಬಿನ ರಸವನ್ನು ಹುಳಿಯಲು ಬಿಟ್ಟರೆ ಯೀಸ್ಟ್ ಅದರ ಸಕ್ಕರೆಯನ್ನು ಮದ್ಯ ಮಾಡುತ್ತದೆ, ಅದೇ ಸೈಡರ್. ಅದಕ್ಕೆ ಗಾಳಿ ಆಡುತ್ತಿದ್ದರೆ ಬ್ಯಾಕ್ಟೀರಿಯಾಗಳು ಆ ಮದ್ಯವನ್ನು ಅಸಿಟಿಕ್ ಆಮ್ಲ ಮಾಡುತ್ತವೆ, ಆಗ ಸಿಗುವುದು ಈ ವಿನೆಗರ್. ಇಂಗ್ಲೆಂಡಿನ ಸಾಮರ್‌ಸೆಟ್, ಫ್ರಾನ್ಸಿನ ನಾರ್ಮಂಡಿ, ಅಮೆರಿಕದ ವರ್ಮಾಂಟ್ ಹೀಗೆ ಸೇಬು ಬೆಳೆಯುವ ಊರುಗಳಲ್ಲಿ ಇದು ದಿನಬಳಕೆಯ ಹುಳಿ. ನಮ್ಮ ಮಲೆನಾಡಿನವರು ವಾಟೆಹುಳಿ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಇದಕ್ಕೆ ಹೊಂದುವುದು ಸ್ವಲ್ಪ ಸಿಹಿ ಇರುವ ತರಕಾರಿ, ಮಣ್ಣಿನ ವಾಸನೆ ಇರುವ ಗೆಡ್ಡೆ, ಮತ್ತೆ ಜಿಡ್ಡು ಜಾಸ್ತಿ ಇರುವ ಅಡುಗೆ. ಎಲೆಕೋಸು, ಬೀಟ್‌ರೂಟ್, ಕ್ಯಾರೆಟ್, ಈರುಳ್ಳಿ, ಸೌತೆಕಾಯಿ, ಗೆಣಸು ಎಲ್ಲಕ್ಕೂ ಸರಿ. ಜೊತೆಗೆ ಸಾಸಿವೆ, ಶುಂಠಿ, ಕಾಳುಮೆಣಸು, ಜೇನುತುಪ್ಪ ಅಥವಾ ಬೆಲ್ಲ. ಸೇಬಿನ ಜೊತೆಗಂತೂ ಕೇಳುವುದೇ ಬೇಡ, ಒಂದೇ ಮನೆಯವರು.

ಮೊದಲು ಜರ್ಮನಿಯವರ ನೇರಳೆ ಕೋಸಿನ ಪಲ್ಯ ಮಾಡಿ ನೋಡಿ, ಅಲ್ಲಿ ಅದನ್ನು ರೋಟ್‌ಕೋಲ್ ಅನ್ನುತ್ತಾರೆ. ಬೆಣ್ಣೆಯಲ್ಲಿ ಒಂದು ಈರುಳ್ಳಿ ಬಾಡಿಸಿ, ಸಣ್ಣಗೆ ಹೆಚ್ಚಿದ ಅರ್ಧ ಕೋಸು, ಒಂದು ಹುಳಿ ಸೇಬು, ಎರಡು ಲವಂಗ, ಉಪ್ಪು, ಅರ್ಧ ಲೋಟ ನೀರು ಹಾಕಿ. ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು. ಅದು ತಾಗುತ್ತಿದ್ದ ಹಾಗೇ ಕೋಸು ನೀಲಿಗೆ ತಿರುಗಿ, ತಿನ್ನಲು ಮನಸ್ಸೇ ಬಾರದ ಬಣ್ಣ ಆಗುತ್ತದೆ. ಆಗ ಒಂದು ದೊಡ್ಡ ಚಮಚ ವಿನೆಗರ್ ಹಾಕಿ ಬಾಣಲೆ ಹತ್ತಿರವೇ ನಿಂತು ನೋಡಿ. ಬಿದ್ದ ಜಾಗದಿಂದ ಗುಲಾಬಿ ಬಣ್ಣ ಏಳುತ್ತದೆ. ಸೌಟಿನಲ್ಲಿ ಒಂದು ಸಲ ತಿರುವಿದರೆ ಇಡೀ ಪಲ್ಯ ಕೆಂಪು. ಕೋಸಿನ ಬಣ್ಣಕ್ಕೆ ಹುಳಿ ಸಿಕ್ಕರೆ ಕೆಂಪು, ಕ್ಷಾರ ಸಿಕ್ಕರೆ ನೀಲಿ, ಅಷ್ಟೇ. ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಇಳಿಸುವಾಗ ಚೂರು ಬೆಲ್ಲ, ಇನ್ನೊಂದು ಚಮಚ ವಿನೆಗರ್. ಮೊದಲು ಹಾಕಿದ್ದು ಬಣ್ಣಕ್ಕೆ, ಆಮೇಲೆ ಹಾಕಿದ್ದು ಘಮಕ್ಕೆ. ಅವರು ಮಾಂಸದ ಜೊತೆ ಬಡಿಸುತ್ತಾರೆ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಗೆ ಹಾಕಿಕೊಂಡು ತಿನ್ನುತ್ತೇವೆ, ತುಂಬಾ ಚೆನ್ನಾಗಿರುತ್ತದೆ.

ಪ್ರಶ್ನೆ: ಹುಣಸೆಹಣ್ಣು ಖಾಲಿಯಾದಾಗ ಸಾರಿಗೆ ಇದನ್ನೇ ಹಾಕಬಹುದಾ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಹುಣಸೆಯ ಹುಳಿ ಎಷ್ಟು ಕುದಿಸಿದರೂ ಸಾರಿನಲ್ಲೇ ಉಳಿಯುತ್ತದೆ, ಸಾರಿಗೆ ಮಂದವನ್ನೂ ಕೊಡುತ್ತದೆ. ವಿನೆಗರ್ ಕುದಿಸಿದರೆ ಅದರ ಹುಳಿ ಸ್ವಲ್ಪ ಸ್ವಲ್ಪವೇ ಆವಿಯಲ್ಲಿ ಹೋಗುತ್ತದೆ, ಹೋಗುವಾಗ ಮೂಗಿಗೆ ಹೊಡೆಯುತ್ತದೆ. ಇಂಗಿನ ಒಗ್ಗರಣೆಗೂ ಈ ವಾಸನೆಗೂ ಆಗಿಬರುವುದಿಲ್ಲ. ಆ ದಿನ ಟೊಮ್ಯಾಟೊ ಸಾರು ಮಾಡಿ, ಇಲ್ಲವೇ ಇಳಿಸಿದ ಮೇಲೆ ನಿಂಬೆ ಹಿಂಡಿ.

ರಾಜ್ಮಾ, ಕಡಲೆಗೆ ಹಾಕುವುದಾದರೆ ಕಾಳು ಪೂರ್ತಿ ಬೆಂದ ಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೆ ಕಾಳು ಮೆತ್ತಗಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಆಲೂಗಡ್ಡೆಗೆ ಇದೇ ಗುಣ ಉಪಕಾರ. ಸಲಾಡಿಗೆ ಹೆಚ್ಚಿದ ಹೋಳು ಬೇಯಿಸುವ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಅಂಚು ಕರಗದೆ ಹೋಳು ಹೋಳಾಗಿಯೇ ನಿಲ್ಲುತ್ತದೆ.

ಪ್ರಶ್ನೆ: ನಾವು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿದ್ದೇವೆ. ಇಲ್ಲಿಯವರು ಬಾರ್ಬೆಕ್ಯೂ ಮೇಲೆ ನೀರಿನಂಥ ವಿನೆಗರ್ ಸಾಸ್ ಸುರಿದುಕೊಂಡು ತಿನ್ನುತ್ತಾರೆ. ನಾವು ಸಸ್ಯಾಹಾರಿಗಳು. ಆ ರುಚಿಯನ್ನು ಮನೆಯಲ್ಲಿ ತರಲು ಆಗುತ್ತಾ?
— ಓದುಗರು, ರಾಲಿ

ಉತ್ತರ: ಆಗುತ್ತೆ, ಅದೂ ನಮ್ಮದೇ ಗುಜ್ಜೆಯಿಂದ! ಎಳೆ ಹಲಸನ್ನು ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ ಮಾಂಸದ ಬದಲು ಬಳಸುವುದು ಈಗ ನಿಮ್ಮ ಕಡೆ ಗೊತ್ತಿರುವ ವಿಷಯವೇ, ಡಬ್ಬಿಯಲ್ಲೂ ಸಿಗುತ್ತದೆ. ಉಪ್ಪುನೀರಿನಲ್ಲಿ ಇಟ್ಟಿದ್ದನ್ನು ತನ್ನಿ, ಸಕ್ಕರೆ ಪಾಕದ್ದು ಬೇಡ.

ನಿಮ್ಮ ರಾಜ್ಯದ ಪೂರ್ವದ ಕಡೆ ಸಾಸಿಗೆ ಟೊಮ್ಯಾಟೊ ಹಾಕುವುದಿಲ್ಲ. ವಿನೆಗರ್, ಮೆಣಸಿನಕಾಯಿ, ಉಪ್ಪು, ಅಷ್ಟೇ. ಪಶ್ಚಿಮಕ್ಕೆ ಹೋದರೆ ಲೆಕ್ಸಿಂಗ್ಟನ್ ಕಡೆಯವರು ಸ್ವಲ್ಪ ಕೆಚಪ್ ಸೇರಿಸುತ್ತಾರೆ. ನೀವು ಒಂದು ಲೋಟ ಸೈಡರ್ ವಿನೆಗರಿಗೆ ಒಂದು ಚಮಚ ಕುಟ್ಟಿದ ಒಣಮೆಣಸಿನಕಾಯಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಒಂದು ಚಮಚ ಉಪ್ಪು, ಒಂದು ದೊಡ್ಡ ಚಮಚ ಬೆಲ್ಲ ಹಾಕಿ ಕಲಕಿ ರಾತ್ರಿಯಿಡೀ ಬಿಡಿ. ಹಂದಿಮಾಂಸದ ಕೊಬ್ಬನ್ನು ಮುರಿಯಲೆಂದೇ ಇಷ್ಟು ಹುಳಿ. ಕೊಡಗಿನವರು ಪಂದಿ ಕರಿಗೆ ಕಾಚಂಪುಳಿ ಹಾಕುವುದೂ, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಬಾಫತ್‌ಗೆ ವಿನೆಗರ್ ಬೀಳುವುದೂ ಇದೇ ಕಾರಣಕ್ಕೆ. ಹಲಸಿನಲ್ಲಿ ಆ ಕೊಬ್ಬು ಇಲ್ಲ. ಹಾಗಾಗಿ ಎಣ್ಣೆಗೆ ಕೈ ಹಿಡಿಯಬೇಡಿ, ಎಳೆಗಳ ಅಂಚು ಕಂದು ಬಣ್ಣ ಆಗುವ ತನಕ ಹುರಿದು, ಒಲೆ ಆರಿಸಿ, ಆಮೇಲೆ ಮೂರು ನಾಲ್ಕು ಚಮಚ ಸಾಸ್ ಹಾಕಿ ಕಲಸಿ. ಬನ್ನಿನ ಒಳಗೆ ಹಸಿ ಕೋಸಿನ ಜೊತೆ ಇಟ್ಟು ತಿನ್ನಿ.

ಪ್ರಶ್ನೆ: ಮೊಟ್ಟೆ ಇಲ್ಲದ ಕೇಕ್‌ಗೆ ವಿನೆಗರ್ ಯಾಕೆ ಹಾಕುತ್ತಾರೆ? ವಾಸನೆ ಬರಲ್ವಾ?
— ಓದುಗರು, ಹಾಸನ

ಉತ್ತರ: ಅಡುಗೆ ಸೋಡಾಕ್ಕೆ ಹುಳಿ ಸೇರಿದರೆ ಗ್ಯಾಸ್ ಏಳುತ್ತದೆ, ಅದರಿಂದ ಕೇಕ್ ಉಬ್ಬುತ್ತದೆ. ಒಂದೂವರೆ ಕಪ್ ಮೈದಾಕ್ಕೆ ಒಂದು ಟೀ ಚಮಚ ಸೋಡಾ, ಒಂದು ದೊಡ್ಡ ಚಮಚ ವಿನೆಗರ್. ಬೆಂದ ಮೇಲೆ ವಾಸನೆ ಇರಲ್ಲ. ವಿನೆಗರನ್ನು ಕೊನೆಯಲ್ಲಿ ಹಾಕಿ, ಕಲಸಿದ ತಕ್ಷಣ ಓವನ್‌ಗೆ ಇಡಿ. ಕಾಯುತ್ತಾ ಕೂತರೆ ಗ್ಯಾಸ್ ಹೊರಟುಹೋಗುತ್ತದೆ.

ಪ್ರಶ್ನೆ: ಬಾಟಲಿ ತಳದಲ್ಲಿ ಲೋಳೆಯಂಥದ್ದು ತೇಲುತ್ತಿದೆ. ಕೆಟ್ಟಿದೆಯಾ?
— ಓದುಗರು, ಶಿರಸಿ

ಉತ್ತರ: ಕೆಟ್ಟಿಲ್ಲ, ಎಸೆಯಬೇಡಿ. ವಿನೆಗರ್ ಮಾಡುವ ಬ್ಯಾಕ್ಟೀರಿಯಾ ಕಟ್ಟಿಕೊಂಡ ಪೊರೆ ಅದು, ಇಂಗ್ಲಿಷಿನಲ್ಲಿ ಅದನ್ನು ಮದರ್ ಅನ್ನುತ್ತಾರೆ. ಬೇಡವೆನಿಸಿದರೆ ಬಟ್ಟೆಯಲ್ಲಿ ಸೋಸಿಕೊಳ್ಳಿ. ಕೊಳ್ಳುವಾಗ ಲೇಬಲ್ ಮೇಲೆ ‘ಸಿಂಥೆಟಿಕ್’ ಅಂತ ಇದೆಯಾ ನೋಡಿ. ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿದ್ದಕ್ಕೆ ಹಾಗೆ ಬರೆದಿರುತ್ತಾರೆ, ಅದರಲ್ಲಿ ಹಣ್ಣಿನ ಘಮ ಇರುವುದಿಲ್ಲ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಇದನ್ನು ಬೇಯಿಸಬೇಡಿ, ಇಡಲೂ ಬೇಡಿ. ಸ್ಟೀಲ್, ಗಾಜು, ಪಿಂಗಾಣಿ ಸಾಕು.

ಪ್ರಶ್ನೆ: ಇದನ್ನು ಕುಡಿಯಲೇಬೇಕು ಅನಿಸಿದರೆ ಹೇಗೆ ಕುಡಿಯಬೇಕು?
— ಓದುಗರು, ಕಲಬುರಗಿ

ಉತ್ತರ: ನೀರು ಬೆರೆಸದೆ ಖಂಡಿತ ಬೇಡ, ಹಲ್ಲಿನ ಮೇಲ್ಪದರ ಸವೆಯುತ್ತದೆ, ಗಂಟಲು ಸುಡುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ರುಚಿಗೆ ಕುಡಿಯುವುದಾದರೆ ಒಂದು ಒಳ್ಳೆಯ ಪಾನೀಯ ಇದೆ. ವರ್ಮಾಂಟ್ ಕಡೆ ಬೇಸಿಗೆಯಲ್ಲಿ ಹುಲ್ಲು ಕೊಯ್ಯುವವರಿಗೆ ಹೊಲಕ್ಕೆ ಸ್ವಿಚೆಲ್ ಅಂತ ಕಳಿಸುತ್ತಿದ್ದರು. ನೀರು, ಶುಂಠಿ, ಸೈಡರ್ ವಿನೆಗರ್, ಮೇಪಲ್ ಪಾಕ ಅಥವಾ ಕಾಕಂಬಿ. ನೋಡಿದರೆ ನಮ್ಮ ರಾಮನವಮಿ ಪಾನಕದ ಅಣ್ಣತಮ್ಮನೇ ಅಲ್ವಾ? ಒಂದು ಲೀಟರ್ ನೀರಿಗೆ ನಿಂಬೆ ಗಾತ್ರದ ಎರಡು ಉಂಡೆ ಬೆಲ್ಲ ಕರಗಿಸಿ, ಜಜ್ಜಿದ ಶುಂಠಿ ಹಾಕಿ ಎರಡು ಗಂಟೆ ಬಿಟ್ಟು ಸೋಸಿ, ಮೂರು ದೊಡ್ಡ ಚಮಚ ವಿನೆಗರ್, ಚಿಟಿಕೆ ಉಪ್ಪು ಬೆರೆಸಿ. ಕಲಬುರಗಿ ಬಿಸಿಲಿಗೆ ಮಣ್ಣಿನ ಮಡಕೆಯ ನೀರಿನಲ್ಲೇ ಮಾಡಿ, ಆದರೆ ಬೆರೆಸಿದ್ದನ್ನು ಗಾಜಿನ ಜಾಡಿಯಲ್ಲಿಡಿ.