ಊರ ಗೋಮಾಳ, ಚಿಕ್ಕಪ್ಪನ ಟ್ರ್ಯಾಕ್ಟರ್

(ಓದುಗರ ಪ್ರಶ್ನೆಗಳಿಗೆ ಚಿಂತಾಮಣಿಯ ನಿವೃತ್ತ ಸರ್ವೇಯರ್ ಒಬ್ಬರ ಉತ್ತರ)

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಗುಡಿಬಂಡೆ ತಾಲ್ಲೂಕಿನ ಒಂದು ಹಳ್ಳಿ. ಪಹಣಿಯಲ್ಲಿ ನಮ್ಮೂರ ಗೋಮಾಳ 64 ಎಕರೆ ಅಂತಿದೆ. ಹೋಗಿ ನೋಡಿದರೆ ಅಷ್ಟು ಜಾಗ ಕಾಣೋದೇ ಇಲ್ಲ. ಸುತ್ತಲ ಹೊಲದವರು ವರ್ಷ ವರ್ಷ ಒಳಗೆ ಬರುತ್ತಿದ್ದಾರೆ. ಮೇವಿಲ್ಲದೆ ಅಪ್ಪ ಈಗ ರಸ್ತೆ ಬದಿಯಲ್ಲಿ ಕುರಿ ಮೇಯಿಸುತ್ತಾರೆ. ಒಳಗೆ ಬಂದವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ‘57ನೇ ಫಾರಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡಿಕೊಡಿ ಅನ್ನೋ ಅರ್ಜಿ) ಹಾಕಿದ್ದೀನಿ, ಇನ್ನು ಅದು ನಂದೇ’ ಅಂತಾರೆ. ದೂರು ಕೊಟ್ಟರೆ ಮನೆ ಒಡೆಯುತ್ತೆ. ಸುಮ್ನಿದ್ದರೆ ಗೋಮಾಳ ಹೋಗುತ್ತೆ. ಏನು ಮಾಡಲಿ?

ಉತ್ತರ: ನೋಡಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಅಪ್ಪ ರಸ್ತೆ ಬದಿಯಲ್ಲಿ ಕುರಿ ಮೇಯಿಸುವ ಮಾತು ಮನಸ್ಸಿಗೆ ನಾಟಿತು. ಲಾರಿಗಳ ಮಧ್ಯೆ ಕುರಿ ಕಾಯೋದು ಎಷ್ಟು ಕಷ್ಟ ಅಂತ ನಾನು ಬಲ್ಲೆ.

31 ವರ್ಷ ಸರ್ವೆ ಕೆಲಸ ಮಾಡಿದವನು ನಾನು. ಗೋಮಾಳ ಒಂದೇ ದಿನಕ್ಕೆ ಹೋಗಿದ್ದನ್ನು ನೋಡಿದ್ದು ಕಮ್ಮಿ. ಅದು ಹೋಗೋದು ಒಂದೊಂದೇ ಉಳುಮೆ ಸಾಲಿನ ಲೆಕ್ಕದಲ್ಲಿ. ನಮ್ಮ ಸರಪಳಿ 33 ಅಡಿ ಉದ್ದ. ಉದ್ದ 33, ಅಗಲ 33 ಅಡಿ ಅಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ಗೋಮಾಳದ ಒಂದು ಮಗ್ಗುಲು 40 ಸರಪಳಿ ಇದೆ ಅಂತಿಟ್ಟುಕೊಳ್ಳಿ. ಆ ಕಡೆಯವರು ಪ್ರತಿ ಮುಂಗಾರಿಗೆ 3 ಅಡಿ ಒಳಗೆ ಉತ್ತರೆ 11 ವರ್ಷಕ್ಕೆ ಒಂದು ಎಕರೆ ಹೋಯ್ತು. ಟ್ರ್ಯಾಕ್ಟರ್ ತಿರುಗಿಸುವಾಗ 3 ಅಡಿ ಯಾರ ಕಣ್ಣಿಗೂ ಬೀಳೋಲ್ಲ.

ಅದಕ್ಕೇ ಮೊದಲು ಅಳತೆ ಆಗಲಿ. ಜಗಳ ಬೇಡ. ಗ್ರಾಮಸಭೆಯಲ್ಲಿ ಒಂದು ಅರ್ಜಿ ಕೊಡಿ. ಅದರಲ್ಲಿ ಚಿಕ್ಕಪ್ಪನ ಹೆಸರೂ ಬೇಡ, ಬೇರೆ ಯಾರ ಹೆಸರೂ ಬೇಡ. ‘ಇಂಥ ಸರ್ವೆ ನಂಬರಿನ ಗೋಮಾಳ ಅಳತೆ ಮಾಡಿಸಿ, ಗಡಿಗೆ ಕಲ್ಲು ನೆಡಿಸಿ’ ಅಂತ ಅಷ್ಟೇ ಬರೆಯಿರಿ. ಕುರಿ, ದನ ಇರುವ ಹತ್ತು ಹದಿನೈದು ಮನೆಯವರ ಸಹಿ ಹಾಕಿಸಿ. ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲು ಇಟ್ಟುಕೊಳ್ಳಿ. ಆ ಠರಾವು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕಡೆಯಿಂದ ತಹಶೀಲ್ದಾರರಿಗೆ ಹೋಗಬೇಕು. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮೂರರ ನಕಲನ್ನೂ ಸರ್ವೆ ಕಚೇರಿಯಿಂದ ತೆಗೆಸಿ. ಮೊಬೈಲಿನ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತೆ, ಆದರೆ ಅದನ್ನೇ ಅಳತೆ ಅಂದುಕೊಳ್ಳಬೇಡಿ.

ಅಳತೆ ದಿನ ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ. ಒಂದೂರಲ್ಲಿ ಮಧ್ಯಾಹ್ನದವರೆಗೆ ಹುಡುಕಿದರೂ ಮೂಲೆಯ ಬಾಂದು ಕಲ್ಲು ಸಿಗಲಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಒಂದು ಮನೆಯ ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಅದು ಬಟ್ಟೆ ಒಗೆಯೋ ಕಲ್ಲಾಗಿತ್ತು. ಸೋಪಿನ ನೊರೆ ತೊಳೆದು ನೋಡಿದರೆ ತಲೆ ಮೇಲೆ ಉಳಿಯಲ್ಲಿ ಕೊರೆದ ಗುರುತು ಹಾಗೇ ಇತ್ತು. ಟಿಪ್ಪಣಿ ಹಿಡಿದು ಅಳೆದು ಅದನ್ನು ಮತ್ತೆ ಅದರ ಜಾಗಕ್ಕೇ ನೆಟ್ಟೆವು.

ಇನ್ನು ಚಿಕ್ಕಪ್ಪನ ಫಾರಂ. ಅರ್ಜಿ ಹಾಕಿದ ಮಾತ್ರಕ್ಕೆ ಜಮೀನು ಅವರದಾಗೋಲ್ಲ. 57ನೇ ಫಾರಂ ಇರೋದು 2005ರ ಜನವರಿ 1ಕ್ಕಿಂತ ಮೊದಲಿಂದ ಸಾಗುವಳಿ ಮಾಡುತ್ತಿರುವವರಿಗೆ. ಸಾಲದ್ದಕ್ಕೆ ಭೂ ಕಂದಾಯ ನಿಯಮ 97ರ ಪ್ರಕಾರ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಬಿಡಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಮಂಜೂರಿಯ ಮಾತು. ಇಲ್ಲೇ ತುಂಬಾ ಊರುಗಳು ಏಮಾರುತ್ತವೆ. ಜಾನುವಾರು ಗಣತಿಯವರು ಬಂದಾಗ ಮನೆಯಲ್ಲಿ ಯಾರೂ ಇರೋಲ್ಲ. ರಾಸುಗಳ ಲೆಕ್ಕ ಕಮ್ಮಿ ಆಗುತ್ತೆ, ಗೋಮಾಳ ‘ಹೆಚ್ಚುವರಿ’ ಅನ್ನಿಸಿಕೊಳ್ಳುತ್ತೆ. ಕಿವಿಗೆ ಹಳದಿ ಓಲೆ (ಗುರುತಿನ ನಂಬರಿನ ಬಿಲ್ಲೆ) ಹಾಕಿಸದ ದನ ಎಷ್ಟಿವೆ ಅಂತ ಈ ವಾರವೇ ಮನೆ ಮನೆಗೆ ಹೋಗಿ ನೋಡಿ, ಪಶು ಆಸ್ಪತ್ರೆಗೆ ತಿಳಿಸಿ.

ಅಳತೆ ಆದ ಮೇಲೂ ಬಿಡದಿದ್ದರೆ ತೆರವು ಮಾಡಿಸೋ ಅಧಿಕಾರ ಭೂ ಕಂದಾಯ ಕಾಯ್ದೆಯ 104ನೇ ಕಲಂನಲ್ಲಿದೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ: ಬಹಳ ವರ್ಷದಿಂದ ಅನುಭವದಲ್ಲಿದ್ದೀವಿ, ದುಡ್ಡು ಸುರಿದಿದ್ದೀವಿ ಅನ್ನೋದು ಊರೊಟ್ಟಿನ ಜಮೀನು ಇಟ್ಟುಕೊಳ್ಳೋಕೆ ಕಾರಣ ಆಗೋಲ್ಲ. ಭೂಮಿ ಇಲ್ಲದ ಕೂಲಿಯವರಿಗೆ, ಪರಿಶಿಷ್ಟರಿಗೆ ಸರ್ಕಾರವೇ ಕೊಟ್ಟ ಜಾಗಕ್ಕೆ ವಿನಾಯಿತಿ ಇದೆ. ಅಂಥವರ ಮನೆ ಬಾಗಿಲಿಗೆ ದಯವಿಟ್ಟು ಹೋಗಬೇಡಿ.

ಚಿಕ್ಕಪ್ಪನಿಗೆ ಅಳತೆಯ ದಿನ ಮುಂಚೆಯೇ ಹೇಳಿ, ನೀವೇ ಹೋಗಿ ಕರೆಯಿರಿ. ಸರಪಳಿಯ ಒಂದು ತುದಿ ಅವರೇ ಹಿಡಿಯಲಿ. ಅಳತೆಗೆ ತಾವೇ ನಿಂತವರು ಆಮೇಲೆ ತಕರಾರು ತೆಗೆದಿದ್ದು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಪ್ರಶ್ನೆ: ನಮ್ಮೂರು ಮಾಲೂರು ಹತ್ತಿರ. ಗೋಮಾಳ ಬರಡು ಬಿದ್ದಿದೆ, ನೀಲಗಿರಿ ಹಾಕಿದರೆ ಪಂಚಾಯಿತಿಗೆ ಆದಾಯ ಬರುತ್ತೆ ಅಂತ ಕೆಲವರು ಹೇಳ್ತಾರೆ. ಹಾಕಬಹುದಾ?

ಉತ್ತರ: ಬೇಡ. ಹೊಸದಾಗಿ ನೀಲಗಿರಿ ನೆಡೋದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ವರ್ಷವಿಡೀ ಹರಿಯೋ ನದಿ ಇಲ್ಲದ ಕೋಲಾರಕ್ಕೆ 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ತಂದು ಕೆರೆ ತುಂಬಿಸುತ್ತಿದ್ದಾರೆ. ಇಂಥ ಕಡೆ ನೀಲಗಿರಿ ಹಾಕೋ ಮಾತಾಡಬಾರದು.

‘ಬರಡು’ ಅನ್ನೋ ಮಾತೂ ನನಗೆ ಒಪ್ಪಿಗೆಯಿಲ್ಲ. ತಂಗಡಿ, ಬಂದರಿಕೆ ಗಿಡಗಳ ನಡುವೆ ಗರಿಕೆ ಇರೋ ಬಯಲು ಕುರಿಗೆ ಅನ್ನದ ತಟ್ಟೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹತ್ತಿರ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ ಇದೆ, 798 ಎಕರೆ. ಬಹುಪಾಲು ಹುಲ್ಲುಗಾವಲೇ. ಒಂದು ಸಲ ಹೋಗಿ ನೋಡಿಕೊಂಡು ಬನ್ನಿ. ನಿಮ್ಮಲ್ಲಿ ಮೊದಲು ಬಳ್ಳಾರಿ ಜಾಲಿ, ಲಂಟಾನ ಬೇರು ಸಮೇತ ತೆಗೆಸಿ. ಗಡಿಗುಂಟ ಕತ್ತಾಳೆ ಹಾಕಿಸಿ. ತಗ್ಗಿರೋ ಕಡೆ ಉದ್ಯೋಗ ಖಾತರಿಯಲ್ಲಿ ದನಕರು ನೀರು ಕುಡಿಯೋಕೆ ಒಂದು ಗೋಕಟ್ಟೆ ಆಗಲಿ. ಗೋಕಟ್ಟೆ ದಂಡೆಗೆ ನಾಲ್ಕು ಹುಣಸೆ, ನಾಲ್ಕು ಹೊಂಗೆ ಸಾಕು. ಆದಾಯವೇ ಬೇಕಂದರೆ ಹುಣಸೆ ಫಸಲನ್ನು ಹರಾಜು ಹಾಕಬಹುದು.

ಪ್ರಶ್ನೆ: ಗೋಮಾಳದಲ್ಲಿ ಸಮುದಾಯ ಭವನ ಕಟ್ಟಲು ಪಂಚಾಯಿತಿ ಠರಾವು ಮಾಡಿದರೆ ಸಾಕಾ? (ಶಿಡ್ಲಘಟ್ಟ)

ಉತ್ತರ: ಸಾಲದು. ದನ ಮೇಯಲು ಬಿಟ್ಟ ಜಾಗವನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಲು ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ಅದು ಕಾಗದದಲ್ಲಿ ಕೈಗೆ ಬರೋವರೆಗೆ ಪಾಯ ತೋಡಲು ಬಿಡಬೇಡಿ.