ಸಮಭಾಜಕ ವೃತ್ತದ ಹತ್ತಿರವೇ ಇದ್ದರೂ ರುವೆಂಜೋರಿ ಬೆಟ್ಟಗಳಲ್ಲಿ ಹಿಮ ಹೇಗೆ? ಅಲ್ಲಿ ಯಾವ ಗಿಡ, ಪ್ರಾಣಿಗಳಿವೆ?

ಹಿಮಕ್ಕೆ ಕಾರಣ ಎತ್ತರ. ಉಗಾಂಡಾ ಮತ್ತು ಕಾಂಗೋ ಗಡಿಯ ಈ ಸಾಲಿನ ಮಾರ್ಗರೀಟಾ ಶಿಖರ 5,109 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಸುಮಾರು ಆರು ಡಿಗ್ರಿ ತಾಪ ಇಳಿಯುತ್ತದೆ, ಲೆಕ್ಕ ನೀವೇ ಹಾಕಿ. ಕಿಲಿಮಂಜಾರೋದಂತೆ ಇದು ಜ್ವಾಲಾಮುಖಿಯಲ್ಲ. ಭೂಮಿಯ ಚಿಪ್ಪು ಬಿರಿದಾಗ ಮೇಲೆದ್ದ ಹಳೆಯ ಬಂಡೆ. ವರ್ಷದ ಬಹುಪಾಲು ಮಂಜು, ಮಳೆ, ಕಾಲಿಟ್ಟಲ್ಲೆಲ್ಲ ಕೆಸರು.

ನನ್ನ ಕೇಳಿದರೆ ನಿಜವಾದ ಸೋಜಿಗ ಗಿಡಗಳದ್ದು. ಸುಮಾರು ಮೂರು ಸಾವಿರ ಮೀಟರ್ ದಾಟಿದ ಮೇಲೆ ಹೀದರ್ ಪೊದೆಗಳು ಮರದೆತ್ತರ ಬೆಳೆದು, ಕೊಂಬೆಗಳಿಂದ ಗಡ್ಡದಂತೆ ಕಲ್ಲುಹೂವು ಜೋತಾಡುತ್ತದೆ. ಇನ್ನೂ ಮೇಲೆ ದೈತ್ಯ ಸೆನೆಸಿಯೊ, ಲೋಬೀಲಿಯಾ. ಮಂಜು ಸರಿದರೆ ಹಗಲು ಬಿಸಿಲು ಸುಡುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಅದೂ ವರ್ಷವಿಡೀ. ಹಾಗಾಗಿ ಸೆನೆಸಿಯೊ ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ. ರಾತ್ರಿ ಎಲೆಗಳನ್ನು ಒಳಮಡಚಿ ಎಳೆ ಮೊಗ್ಗನ್ನು ಮುಚ್ಚುತ್ತದೆ. (ನಮ್ಮ ಪಶ್ಚಿಮಘಟ್ಟದ ಕಾಡುಹೊಗೆಸೊಪ್ಪು ಕೂಡ ಲೋಬೀಲಿಯಾ ಕುಲದ್ದೇ.)

ದೊಡ್ಡ ಪ್ರಾಣಿಗಳನ್ನು ನೋಡಬೇಕೆಂದರೆ ಇಲ್ಲಿಗೆ ಹೋಗಬೇಡಿ. ಕೆಳಗಿನ ಕಾಡಿನಲ್ಲಿ ಚಿಂಪಾಂಜಿ, ನೀಲಿ ಮಂಗ, ಮೂರು ಕೊಂಬಿನ ಗೋಸುಂಬೆ ಇವೆ, ಆದರೆ ಮಂಜಿನಲ್ಲಿ ಕಾಣುವುದಕ್ಕಿಂತ ಕೂಗು ಕೇಳುವುದೇ ಹೆಚ್ಚು. ಮೇಲೆ ಲೋಬೀಲಿಯಾ ಹೂವಿಗೆ ಸೂರಕ್ಕಿಗಳು ಬರುತ್ತವೆ. ರಾತ್ರಿ ಕಿರುಚುವ ಹೈರಾಕ್ಸ್ ನೋಡಲು ಮೊಲದಂತಿದ್ದರೂ ಆನೆಯ ದೂರದ ನೆಂಟ!

1994ರಲ್ಲಿ ಉಗಾಂಡಾದ ಭಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹಿಮನದಿಗಳು ಮಾತ್ರ ಕಳೆದೊಂದು ಶತಮಾನದಲ್ಲಿ ಕರಗಿ ತುಣುಕುಗಳಾಗಿವೆ.